ಅವರವರ ಮನೆಯೆದುರಿನ ಗೋಡೆ



ಕ್ರೈಸ್ತನೊಬ್ಬ ತನಗಾಗಿ, ಮನೆಯವರಿಗಾಗಿ, ಊರಿಗಾಗಿ ಪ್ರಾರ್ಥಿಸಿದಾಗ ಅವನ ಹೆಗಲ ಮೇಲೆ ಯಾವ ಹೊಣೆ ಬೀಳುತ್ತದೆ ಎಂಬುದು ಇಂದಿನ ಉಪನ್ಯಾಸದ ವಿಷಯ. ಪ್ರಾರ್ಥನೆಯ ಬಲದ ಬಗ್ಗೆ ನಮ್ಮ ಸಭೆಗಳಲ್ಲಿ, ಧರ್ಮಕೇಂದ್ರಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಪ್ರಾರ್ಥನೆಯ ಹೊಣೆಯ ಬಗ್ಗೆ ಅಷ್ಟು ಕೇಳಿಲ್ಲ. ಯಾರಿಗಾಗಿ ದೇವರ ಮುಂದೆ ನಿಂತೆವೋ ಅವರ ವಿಷಯದಲ್ಲಿ ನಾವು ಉತ್ತರ ಕೊಡಬೇಕಾದವರಾಗುತ್ತೇವೆ. ನನಗೆ ಹೇಳಬೇಕಾಗಿರುವುದು ಇಷ್ಟೇ. ಇದನ್ನು ವಿವರಿಸಲು ಬೈಬಲಿನ ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು, ನಮ್ಮ ಚಾಮರಾಜನಗರ ಜಿಲ್ಲೆಯ ನೆಲದ ಮೇಲೆ ನಡೆಯಲು ಇಷ್ಟಪಡುತ್ತೇನೆ. ಆ ಪುಸ್ತಕ ನೆಹೆಮೀಯನದು.

ಕಥೆ ಎಲ್ಲರಿಗೂ ತಿಳಿದದ್ದೇ. ಕ್ರಿಸ್ತಪೂರ್ವ 445ರ ಸುಮಾರಿನಲ್ಲಿ ಪಾರಸಿಯ ದೊರೆ ಅರ್ತಷಸ್ತನಿಗೆ ಪಾನಪಾತ್ರೆ ಕೊಡುವ ಸೇವೆಯಲ್ಲಿದ್ದವನು ನೆಹೆಮೀಯ. ಶೂಷನ್ ಅರಮನೆಯಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಯೆರೂಸಲೇಮಿನಿಂದ ಬಂದ ಸೋದರ ಹನಾನಿಯನ್ನು ಊರಿನ ಸುದ್ದಿ ಕೇಳಿದ. ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ, ಉಳಿದ ಜನ ಅವಮಾನದಲ್ಲಿದ್ದಾರೆ ಎಂಬ ಉತ್ತರ ಬಂತು. ನೆಹೆಮೀಯ ಕುಳಿತು ಅತ್ತ, ಉಪವಾಸವಿದ್ದ, ಪ್ರಾರ್ಥಿಸಿದ. ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳವರೆಗೆ, ಅಂದರೆ ಚಳಿಗಾಲ ಕಳೆದು ವಸಂತ ಬರುವ ತನಕ, ಆ ಪ್ರಾರ್ಥನೆ ಅವನೊಳಗೆ ಕೆಲಸ ಮಾಡಿತು. ಆಮೇಲೆ ಅವನು ರಾಜನ ಮುಂದೆ ನಿಂತು ರಜೆ ಕೇಳಿದ, ದಾರಿಗೆ ಬೇಕಾದ ಪತ್ರಗಳನ್ನು ಕೇಳಿದ, ತೊಲೆಗಳಿಗೆ ಮರವನ್ನೂ ಕೇಳಿದ.

ಈ ಪ್ರಾರ್ಥನೆಯ ಮೊದಲ ಭಾಗವನ್ನು ಗಮನಿಸಬೇಕು. ಊರು ಹಾಳಾದದ್ದು ನೆಹೆಮೀಯ ಹುಟ್ಟುವ ಎಷ್ಟೋ ವರ್ಷ ಮೊದಲು. ತಪ್ಪು ಮಾಡಿದವರು ಸತ್ತು ಮಣ್ಣಾಗಿದ್ದರು. ಆದರೂ ಅವನು ತಪ್ಪೊಪ್ಪಿಗೆಯಲ್ಲಿ ತನ್ನನ್ನೂ ತನ್ನ ತಂದೆಯ ಮನೆಯನ್ನೂ ಸೇರಿಸಿಕೊಂಡ. ಜನರ ಪಾಪದ ಲೆಕ್ಕದಲ್ಲಿ ತನ್ನ ಹೆಸರನ್ನೂ ಬರೆದುಕೊಂಡ. ತನಗಾಗಿ ಪ್ರಾರ್ಥಿಸುವುದು ಇಲ್ಲಿಂದ ಶುರುವಾಗಬೇಕೆಂದು ನಾನು ನಂಬಿದ್ದೇನೆ.

ನಮ್ಮ ಸೀಮೆ ಹರಕೆಯ ಸೀಮೆ. ಮಲೆ ಮಹದೇಶ್ವರನಿಗೆ ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತುವವರ ನಡುವೆ, ಸಿದ್ಧಪ್ಪಾಜಿಯ ಜಾತ್ರೆಗೆ ಹೋಗುವವರ ನಡುವೆ ನಾವು ಬೆಳೆದಿದ್ದೇವೆ. ಅವರ ಭಕ್ತಿಯ ಮುಂದೆ ನಾನು ತಲೆಬಾಗುತ್ತೇನೆ. ನಮ್ಮಲ್ಲೂ ವೇಳಾಂಕಣಿಗೆ ಹರಕೆ ಹೊತ್ತು ಹೋಗುವವರಿದ್ದಾರೆ, ಮೇಣದಬತ್ತಿ ಹಚ್ಚುವವರಿದ್ದಾರೆ, ಉಪವಾಸ ಪ್ರಾರ್ಥನೆಯಲ್ಲಿ ಮಗನ ಕೆಲಸಕ್ಕೆ, ಮಗಳ ಮದುವೆಗೆ, ಬೋರ್‌ವೆಲ್ಲಿಗೆ ನೀರು ಬರಲೆಂದು ಬೇಡುವವರಿದ್ದಾರೆ. ಬೇಡುವುದು ತಪ್ಪೆಂದು ಯಾರೂ ಹೇಳಬಾರದು. ಹನ್ನಳು ಮಗು ಬೇಕೆಂದು ಶೀಲೋವಿನ ಆಲಯದಲ್ಲಿ ಕಣ್ಣೀರಿಟ್ಟಳು. ಯೆರಿಕೋವಿನ ಕುರುಡ ಬಾರ್ತಿಮಾಯ ಕಣ್ಣು ಬೇಕೆಂದು ಕೂಗಿದ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ತನ್ನ ನೋವು ದೂರವಾಗಲಿ ಎಂದು ಬೇಡಿದರು. ತನಗಾಗಿ ಬೇಡುವುದನ್ನು ಸ್ವಾರ್ಥವೆಂದು ಹಳಿಯುವ ಬೋಧನೆ ಬಡವರ ಮೇಲೆ ಇನ್ನೊಂದು ಭಾರ ಹೇರುತ್ತದೆ.

ಆದರೆ ಬೇಡಿಕೆಯ ಮುಂಚೆ ಒಂದು ಸತ್ಯ ಹೇಳಬೇಕಾಗುತ್ತದೆ. ಲೂಕನ ಸುವಾರ್ತೆಯಲ್ಲಿ ದೇವಾಲಯಕ್ಕೆ ಹೋದ ಇಬ್ಬರಲ್ಲಿ ಫರಿಸಾಯ ತನ್ನ ಉಪವಾಸದ, ದಶಮಾಂಶದ ಪಟ್ಟಿ ಓದಿದ. ತೆರಿಗೆ ವಸೂಲಿಯವನು ದೂರದಲ್ಲೇ ನಿಂತು ಎದೆ ಬಡಿದುಕೊಂಡ. ಮನೆಗೆ ಹೋದಾಗ ದೇವರಿಗೆ ಒಪ್ಪಿತನಾಗಿದ್ದವನು ಎರಡನೆಯವನು. ರಾತ್ರಿ ಮಲಗುವ ಮುಂಚೆ, ಇಂದು ನಾನು ಯಾರ ಕೂಲಿ ತಡೆದೆ, ಯಾರ ಮಾತನ್ನು ಕೇಳಿಸಿಕೊಳ್ಳದೆ ಎದ್ದೆ, ಫೋನಿನಲ್ಲಿ ಯಾವ ಸುಳ್ಳನ್ನು ನಾಲ್ಕು ಜನಕ್ಕೆ ಕಳಿಸಿದೆ ಎಂದು ತನ್ನನ್ನು ತಾನು ಕೇಳಿಕೊಳ್ಳಲು ಹತ್ತು ನಿಮಿಷ ಸಾಕು. ಇಗ್ನೇಷಿಯಸ್ ಲೊಯೋಲ ತನ್ನ ಸಂಗಡಿಗರಿಗೆ ದಿನಕ್ಕೆ ಎರಡು ಸಲ ಇಂಥ ಆತ್ಮಶೋಧನೆ ಕಲಿಸಿದ್ದರು. ಬೇರೆಲ್ಲ ಪ್ರಾರ್ಥನೆ ತಪ್ಪಿದರೂ ಇದು ತಪ್ಪಬಾರದೆಂಬುದು ಅವರ ಕಟ್ಟುನಿಟ್ಟು. ತನ್ನ ವಿಷಯದಲ್ಲಿ ಸತ್ಯ ಹೇಳದವನು ಊರಿಗಾಗಿ ಪ್ರಾರ್ಥಿಸಿದರೆ ಅದು ಊರಿನ ಮೇಲೆ ಹೇಳುವ ದೂರಾಗಿಬಿಡುತ್ತದೆ. ಸಭೆಯಲ್ಲಿ ಎದ್ದು ನಿಂತು ಉದ್ದುದ್ದ ಪ್ರಾರ್ಥಿಸುವಾಗ ಪಕ್ಕದ ಮನೆಯವರ ತಪ್ಪನ್ನು ದೇವರಿಗೆ ತಿಳಿಸುವ ನೆವದಲ್ಲಿ ಎಲ್ಲರಿಗೂ ತಿಳಿಸುವ ಚಾಳಿ ನಮ್ಮಲ್ಲಿದೆ. ಅದನ್ನು ಬಿಡಬೇಕು.

ಇನ್ನು ಮನೆಯ ಮಾತು. ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ಓದುಗರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ, ಏಕೆಂದರೆ ಅದು ಬರೀ ಹೆಸರುಗಳ ಸಾಲು. ನನಗೆ ಆ ಪುಸ್ತಕದಲ್ಲಿ ಅತ್ಯಂತ ಪ್ರಿಯವಾದ ಅಧ್ಯಾಯ ಅದೇ. ಯಾರು ಯಾವ ತುಂಡು ಗೋಡೆ ಕಟ್ಟಿದರು ಎಂದು ಅಲ್ಲಿ ದಾಖಲಾಗಿದೆ. ಹಲವರ ಬಗ್ಗೆ ಅವರು ತಮ್ಮ ಮನೆಯ ಎದುರಿನ ಭಾಗವನ್ನು ದುರಸ್ತಿ ಮಾಡಿದರೆಂದು ಬರೆದಿದೆ. ಅಕ್ಕಸಾಲಿಗರು ಕಟ್ಟಿದರು, ಸುಗಂಧ ತೈಲ ಮಾಡುವವರು ಕಟ್ಟಿದರು, ಯಾಜಕರು ಕಟ್ಟಿದರು. ಒಬ್ಬ ಅಧಿಕಾರಿ ತಿಪ್ಪೆ ಬಾಗಿಲನ್ನು ನಿಲ್ಲಿಸಿದ. ತೆಕೋವದ ದೊಡ್ಡ ಮನುಷ್ಯರು ಮಾತ್ರ ಹೆಗಲು ಕೊಡಲಿಲ್ಲ, ಅದೂ ಬರೆದಿದೆ. ಶಲ್ಲೂಮನೆಂಬವನು ತನ್ನ ಹೆಣ್ಣುಮಕ್ಕಳ ಜೊತೆ ಕಟ್ಟಿದ. ಆ ಹೆಣ್ಣುಮಕ್ಕಳ ಹೆಸರು ಗೊತ್ತಿಲ್ಲ, ಆದರೆ ಎರಡೂವರೆ ಸಾವಿರ ವರ್ಷದ ಹಿಂದೆ ಕಲ್ಲು ಹೊತ್ತ ಅವರ ಕೆಲಸ ಉಳಿದಿದೆ. ಇಡೀ ಗೋಡೆ 52 ದಿನದಲ್ಲಿ ಮುಗಿಯಿತು.

ನಮ್ಮ ಮನೆಯೆದುರಿನ ಗೋಡೆ ಹೇಗಿದೆ? ಗುಂಡ್ಲುಪೇಟೆ ಮೂರು ರಾಜ್ಯಗಳ ರಸ್ತೆಗಳು ಸೇರುವ ಊರು. ಒಂದು ರಸ್ತೆ ವಯನಾಡಿಗೆ, ಇನ್ನೊಂದು ಊಟಿಗೆ. ಶುಂಠಿ ಕೆಲಸಕ್ಕೆ, ಕಾಫಿ, ಚಹಾ ತೋಟಗಳ ಕೆಲಸಕ್ಕೆ, ಗಾರೆ ಕೆಲಸಕ್ಕೆ ಗಡಿ ದಾಟುವ ಮನೆಗಳು ಇಲ್ಲಿ ನೂರಾರು. ತರಕಾರಿ, ಬಾಳೆ ತುಂಬಿಕೊಂಡು ಹೋಗುವ ಚಾಲಕರ ಮನೆಗಳೂ ಇವೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿಷೇಧವಿದೆ. ಪ್ರಾಣಿಗಳ ಜೀವ ಉಳಿಸಲು ಅದು ಬೇಕು. ಆದರೆ ಗೇಟು ಬಿದ್ದ ಮೇಲೆ ಆಚೆ ಉಳಿದ ಅಪ್ಪನಿಲ್ಲದೆ ಈಚೆಯ ಮನೆಯಲ್ಲಿ ರಾತ್ರಿಯ ಪ್ರಾರ್ಥನೆ ನಡೆಯುತ್ತದೆ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ ಸತ್ತವರಲ್ಲಿ ನಮ್ಮ ಜಿಲ್ಲೆಯ ಮೂಲದವರೂ ಇದ್ದರು. ಗಡಿಯಾಚೆಗೆ ದುಡಿಯಲು ಹೋದವರಿಗಾಗಿ ಪ್ರಾರ್ಥಿಸುವುದೆಂದರೆ ಏನೆಂದು ಆ ದಿನ ಇಡೀ ಜಿಲ್ಲೆಗೆ ತಿಳಿಯಿತು.

ಇಂಥ ಮನೆಗಳಲ್ಲಿ ಕುಟುಂಬ ಪ್ರಾರ್ಥನೆಯನ್ನು ಉಳಿಸಿಕೊಂಡು ಬಂದವರು ತಾಯಂದಿರು, ಅಜ್ಜಿಯರು. ಕಥೋಲಿಕರ ಮನೆಯಲ್ಲಿ ಜಪಸರ ಹಿಡಿದು ಕೂರುವವಳು ಅವ್ವ. ಪ್ರೊಟೆಸ್ಟೆಂಟರ ಮನೆಯಲ್ಲಿ ಬೈಬಲ್ ತೆಗೆದು ಮಕ್ಕಳನ್ನು ಕರೆಯುವವಳೂ ಅವ್ವನೇ. ಗಂಡಸರು ಬಾಗಿಲ ಹೊರಗೆ ಫೋನು ನೋಡುತ್ತಾ ಕೂರುತ್ತಾರೆ, ಆಮೆನ್ ಹೊತ್ತಿಗೆ ಒಳಗೆ ಬರುತ್ತಾರೆ. ಗಂಡಸರಿಗೆ ನಾನು ನೇರವಾಗಿ ಹೇಳುತ್ತೇನೆ: ಯೋಬನು ಮಕ್ಕಳಿಗಾಗಿ ಬೆಳಿಗ್ಗೆ ಬೇಗ ಎದ್ದು ದೇವರಿಗೆ ಅರ್ಪಣೆ ಮಾಡುತ್ತಿದ್ದ, ಒಬ್ಬೊಬ್ಬ ಮಗನ ಲೆಕ್ಕವಿಟ್ಟು ಮಾಡುತ್ತಿದ್ದ. ಅದನ್ನು ಅವನು ಹೆಂಡತಿಗೆ ಬಿಟ್ಟುಕೊಟ್ಟಿರಲಿಲ್ಲ. ದೂರದಲ್ಲಿದ್ದರೆ ಫೋನು ಹಚ್ಚಿ, ಮಗುವಿನ ಹೆಸರು ಹಿಡಿದು ಎರಡು ಮಾತು ಪ್ರಾರ್ಥಿಸಿ. ಅಪ್ಪನ ಬಾಯಲ್ಲಿ ದೇವರ ಮುಂದೆ ತನ್ನ ಹೆಸರು ಬಂದದ್ದನ್ನು ಯಾವ ಮಗುವೂ ಮರೆಯುವುದಿಲ್ಲ.

ಮಕ್ಕಳಿಗಾಗಿ ಪ್ರಾರ್ಥಿಸಿದ ಇಬ್ಬರು ತಾಯಂದಿರ ಸಂಗತಿ ಹೇಳಬೇಕು. ನಾಲ್ಕನೆಯ ಶತಮಾನದ ಮೋನಿಕಾ ದಾರಿ ತಪ್ಪಿದ ಮಗ ಅಗಸ್ತೀನನಿಗಾಗಿ ವರ್ಷಗಟ್ಟಲೆ ಅತ್ತಳು. ಅಳುತ್ತಾ ಮನೆಯಲ್ಲೇ ಕೂರಲಿಲ್ಲ. ಆಫ್ರಿಕದಿಂದ ಸಮುದ್ರ ದಾಟಿ ಇಟಲಿಯ ಮಿಲಾನಿನ ತನಕ ಅವನ ಹಿಂದೆ ಹೋದಳು. 387ರ ಈಸ್ಟರಿನಲ್ಲಿ ಅವನ ದೀಕ್ಷಾಸ್ನಾನ ನೋಡಿ, ಅದೇ ವರ್ಷ ತೀರಿಕೊಂಡಳು. ಇನ್ನೊಬ್ಬಳು ಇಂಗ್ಲೆಂಡಿನ ಸುಸಾನಾ ವೆಸ್ಲಿ. ಹೆತ್ತ 19 ಮಕ್ಕಳಲ್ಲಿ ಅವಳಿಗೆ ಉಳಿದವರು 10. ಬಡ ಪಾದ್ರಿಯ ಮನೆ, ಸಾಲದ ಕಾಟ. ಆದರೂ ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಕೂತು ಅವರ ಆತ್ಮದ ವಿಷಯ ಮಾತಾಡುತ್ತಿದ್ದಳು. ಮಗ ಜಾನ್ ವೆಸ್ಲಿಯ ಪಾಲಿಗೆ ಗುರುವಾರದ ಸಂಜೆ. ಅವನು ದೊಡ್ಡವನಾದ ಮೇಲೂ ಆ ಗುರುವಾರಗಳನ್ನು ನೆನೆದ. ಆ ಜಾನ್ ವೆಸ್ಲಿಯಿಂದ ಹುಟ್ಟಿದ ವೆಸ್ಲಿಯನ್ ಸಭೆಯೇ ಮುಂದೆ ಮೈಸೂರು ಸಂಸ್ಥಾನಕ್ಕೆ ಬಂತು, ಮೈಸೂರಿನಲ್ಲಿ ಅಚ್ಚುಕೂಟ ನಡೆಸಿತು, 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆಯಿತು. ಚಾಮರಾಜನಗರದ ಎಷ್ಟೋ ಹೆಂಗಸರು ಹೆರಿಗೆಗೆ ಹೋದ ‘ಮಿಷನ್ ಆಸ್ಪತ್ರೆ’ ಅದೇ. ಒಬ್ಬ ತಾಯಿ ಗುರುವಾರ ಸಂಜೆ ಒಂದು ಮಗುವಿಗೆ ಕೊಟ್ಟ ಹೊತ್ತು ಎಲ್ಲಿಯ ತನಕ ಬಂದು ಮುಟ್ಟಿತು ನೋಡಿ.

ಮನೆಯ ಪ್ರಾರ್ಥನೆಯಲ್ಲಿ ನಾವು ಬಾಯಿಬಿಟ್ಟು ಹೇಳದ ಸಂಗತಿಯೊಂದಿದೆ: ಸಾಲ. ರೋಗ ಹೇಳುತ್ತೇವೆ, ಪರೀಕ್ಷೆ ಹೇಳುತ್ತೇವೆ, ಮದುವೆ ಹೇಳುತ್ತೇವೆ. ವಾರದ ಕಂತು ಕಟ್ಟಲಾಗದೆ ಹೆಂಡತಿ ಗಂಡನಿಗೆ, ಗಂಡ ಹೆಂಡತಿಗೆ ಮುಚ್ಚಿಟ್ಟ ಸಾಲವನ್ನು ದೇವರ ಮುಂದೆ ಇಡುವಾಗ ನಾಲಿಗೆ ಏಳುವುದಿಲ್ಲ. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ನೆಹೆಮೀಯನ ಐದನೆಯ ಅಧ್ಯಾಯ ತೆಗೆದರೆ ಇದೇ ಕೂಗು ಕೇಳುತ್ತದೆ. ಹೊಲ, ದ್ರಾಕ್ಷಿತೋಟ, ಮನೆ ಅಡವಿಟ್ಟೆವು, ಮಕ್ಕಳನ್ನು ಜೀತಕ್ಕೆ ಬಿಟ್ಟೆವು ಎಂದು ಜನ, ಅದರಲ್ಲೂ ಹೆಂಗಸರು, ಗೋಡೆ ಕಟ್ಟುವ ಕೆಲಸದ ನಡುವೆ ಅತ್ತರು. ನೆಹೆಮೀಯ ಸಾಹುಕಾರರನ್ನು ಸಭೆಗೆ ಕರೆದು ಬಡ್ಡಿ ಬಿಡಿಸಿದ, ಅಡವಿಟ್ಟ ಭೂಮಿ ಹಿಂದೆ ಕೊಡಿಸಿದ. ಅಲ್ಲೊಂದು ಸೂಕ್ಷ್ಮವಿದೆ: ತಾನೂ ತನ್ನ ಸೋದರರೂ ಆಳುಗಳೂ ಅದೇ ಜನಕ್ಕೆ ಹಣ, ಧಾನ್ಯ ಸಾಲ ಕೊಟ್ಟಿದ್ದೇವೆಂದು ಅವನು ಸಭೆಯಲ್ಲೇ ಒಪ್ಪಿಕೊಂಡ. ಶೂಷನಿನಲ್ಲಿ ಮಾಡಿದ ಮೊದಲ ಪ್ರಾರ್ಥನೆಯಲ್ಲಿ ತನ್ನ ಹೆಸರು ಸೇರಿಸಿಕೊಂಡವನು ಇಲ್ಲಿ, ದುಡ್ಡಿನ ವಿಷಯದಲ್ಲೂ, ತನ್ನ ಹೆಸರು ಬಿಡಲಿಲ್ಲ. ನಮ್ಮ ಸಭೆಗಳಲ್ಲೂ ಬಡ್ಡಿಗೆ ಕೊಡುವವರಿದ್ದಾರೆ, ಬಡ್ಡಿ ಕಟ್ಟುವವರಿದ್ದಾರೆ, ಒಂದೇ ಬೆಂಚಿನಲ್ಲಿ ಕೂತು ಕರ್ತನ ಪ್ರಾರ್ಥನೆ ಹೇಳುತ್ತಾರೆ.

ಊರಿಗಾಗಿ ಪ್ರಾರ್ಥನೆ ಎಂದಾಗ ಊರು ಎಂದರೆ ಯಾರು? ನಮ್ಮ ಸಭೆಯವರು ಮಾತ್ರವೇ? ಬಾಬಿಲೋನಿನಲ್ಲಿ ಸೆರೆಯಾಗಿದ್ದ ತನ್ನ ಜನಕ್ಕೆ ಯೆರೆಮೀಯ ಪತ್ರ ಬರೆದು, ನೀವಿರುವ ಆ ಪರದೇಶದ ಪಟ್ಟಣದ ಕ್ಷೇಮವನ್ನು ಹುಡುಕಿ, ಅದಕ್ಕಾಗಿ ಪ್ರಾರ್ಥಿಸಿ ಎಂದು ಹೇಳಿದ. ಅವರನ್ನು ಸೆರೆ ಹಿಡಿದವರ ಪಟ್ಟಣ ಅದು! ನಮಗಂತೂ ಇದು ಪರದೇಶವಲ್ಲ. ಹುಟ್ಟಿದ ನೆಲ, ಆಡುವ ಮಾತು, ಉಣ್ಣುವ ರಾಗಿ ಎಲ್ಲವೂ ಇಲ್ಲಿಯವೇ. 1821ರಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಹೊಸ ಒಡಂಬಡಿಕೆಯನ್ನು ಕನ್ನಡದಲ್ಲಿ ಹೊರತಂದರು, 1831ರಲ್ಲಿ ಇಡೀ ಬೈಬಲ್ ಕನ್ನಡವಾಯಿತು. ಅಂದಿನಿಂದ ನಮ್ಮ ಪ್ರಾರ್ಥನೆ ಕನ್ನಡದ ಪ್ರಾರ್ಥನೆ. 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯ ಮಾರ್ಟಳ್ಳಿ ಕಡೆ ತಮಿಳು ಪ್ರಾರ್ಥನೆಯೂ ಇದೆ. ದೇವರಿಗೆ ಎರಡೂ ಕೇಳುತ್ತವೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಆಡಬೇಕು. ಬೇರೆ ಧರ್ಮದ ನೆರೆಯವರಿಗಾಗಿ ಪ್ರಾರ್ಥಿಸುವಾಗ ಅದರ ಹಿಂದೆ ಯಾವ ಲೆಕ್ಕವೂ ಇರಬಾರದು. ಅವರು ಕರೆದರೆ ಹೋಗಿ, ಕೇಳಿದರೆ ಪ್ರಾರ್ಥಿಸಿ, ರೋಗಿಗೆ ಔಷಧಿ ನಿಲ್ಲಿಸಬೇಡಿ ಎಂದು ಹೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅದಕ್ಕೆ ಪ್ರತಿಯಾಗಿ ಅವರಿಂದ ಏನನ್ನೂ ಬಯಸುವ ಹಕ್ಕು ನಮಗಿಲ್ಲ. ಯೇಸು ವಾಸಿಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ಒಂಬತ್ತು ಮಂದಿ ಹಿಂದಿರುಗಲಿಲ್ಲ. ಯೇಸು ಅವರ ಆರೋಗ್ಯವನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಈಗ ನಮ್ಮ ಜಿಲ್ಲೆಯ ಒಂದು ದಿನದ ಬಗ್ಗೆ ಹೇಳುತ್ತೇನೆ. 1993ರ ಏಪ್ರಿಲ್ 9. ಮಲೆ ಮಹದೇಶ್ವರ ಬೆಟ್ಟದಾಚೆ ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ತಂಡ ಹುದುಗಿಸಿಟ್ಟ ನೆಲಬಾಂಬು ಸಿಡಿದು 22 ಜನ ಸತ್ತರು. ಪೊಲೀಸರಿದ್ದರು, ಅರಣ್ಯ ಸಿಬ್ಬಂದಿಯಿದ್ದರು, ಜೊತೆಗಿದ್ದ ಇತರರೂ ಇದ್ದರು. ಆ ದಿನ ಶುಭ ಶುಕ್ರವಾರ. ಕಥೋಲಿಕ ಚರ್ಚುಗಳಲ್ಲಿ ಆ ದಿನ ಬಲಿಪೂಜೆ ಇರುವುದಿಲ್ಲ. ಯೇಸುವಿನ ಪಾಡುಮರಣದ ವಾಚನವಾದ ಮೇಲೆ ಹತ್ತು ಮಹಾ ವಿಜ್ಞಾಪನೆಗಳು ನಡೆಯುತ್ತವೆ. ಸಭೆಗಾಗಿ, ಜಗದ್ಗುರುವಿಗಾಗಿ, ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗಾಗಿ, ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ, ಅಧಿಕಾರದಲ್ಲಿರುವವರಿಗಾಗಿ, ಕೊನೆಗೆ ಸಂಕಟದಲ್ಲಿರುವ ಎಲ್ಲರಿಗಾಗಿ. ಒಂದೊಂದಾದ ಮೇಲೂ ಮೌನ. ಊರಿಗಾಗಿ ಪ್ರಾರ್ಥಿಸುವುದು ಹೇಗೆಂದು ಕ್ರೈಸ್ತ ಸಭೆ ಶತಮಾನಗಳಿಂದ ಕಾಪಾಡಿಕೊಂಡು ಬಂದಿರುವ ಅತ್ಯಂತ ಹಳೆಯ ಮಾದರಿಗಳಲ್ಲಿ ಇದೂ ಒಂದು. ಅದರಲ್ಲಿ ಹೊರಗೆ ಉಳಿದವರು ಯಾರೂ ಇಲ್ಲ.

ಆ ಶುಕ್ರವಾರ ಅಧಿಕಾರದಲ್ಲಿರುವವರಿಗಾಗಿ, ಸಂಕಟದಲ್ಲಿರುವವರಿಗಾಗಿ ಪ್ರಾರ್ಥಿಸುವ ಹೊತ್ತಿಗೆ, ಆ ಎರಡು ವಿಜ್ಞಾಪನೆಗಳೂ ಹನೂರು ಸೀಮೆಯ ಚರ್ಚುಗಳ ಹೊಸ್ತಿಲಿಗೇ ಬಂದು ನಿಂತಿದ್ದವು. ಸತ್ತ ಪೊಲೀಸರ ಮನೆಗಳಲ್ಲಿ ಸಂಕಟ. ಆಮೇಲಿನ ತಿಂಗಳುಗಳಲ್ಲಿ ವೀರಪ್ಪನ್‌ನನ್ನು ಹುಡುಕುತ್ತಿದ್ದ ಪೊಲೀಸ್ ಕಾರ್ಯಪಡೆ ಹಿಡಿದೊಯ್ದ ಹಳ್ಳಿಯವರ ಮನೆಗಳಲ್ಲಿ ಸಂಕಟ. ಟಾಡಾ ಕಾಯಿದೆಯಡಿ ಬಡವರು ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತರು. ಕಾರ್ಯಪಡೆಯ ಹಿಂಸೆಯ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತು. ಪಾಲಾರ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ನಾಲ್ವರಿಗೆ ಮರಣದಂಡನೆ ವಿಧಿಸಿತು. 2014ರ ಜನವರಿಯಲ್ಲಿ ಅದೇ ಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಆ ನಾಲ್ವರಲ್ಲಿ ಮಾರ್ಟಳ್ಳಿ ಸುತ್ತಿನ ಕ್ರೈಸ್ತರೂ ಇದ್ದರು.

ಇಂಥ ಊರಿನಲ್ಲಿ ಯಾರ ಪರವಾಗಿ ಪ್ರಾರ್ಥಿಸುವುದು? ಕೊಲೆಯಾದ ಪೊಲೀಸನ ಹೆಂಡತಿಗಾಗಿ ಪ್ರಾರ್ಥಿಸಿದರೆ ಜೈಲಿನಲ್ಲಿರುವವನ ತಾಯಿಗೆ ದ್ರೋಹವೇ? ಅವಳಿಗಾಗಿ ಪ್ರಾರ್ಥಿಸಿದರೆ ಕಾನೂನಿಗೆ ದ್ರೋಹವೇ? ಶುಭ ಶುಕ್ರವಾರದ ವಿಜ್ಞಾಪನೆಗಳು ಈ ಆಯ್ಕೆಗೆ ನಮ್ಮನ್ನು ಬಿಡುವುದಿಲ್ಲ. ಎರಡು ಕಡೆಯವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಹೇಳಿದ ಮೇಲೆ ಎರಡೂ ಮನೆಗೆ ಹೋಗಬೇಕು. ನ್ಯಾಯ ನಡೆಯಲಿ ಎಂದು ಬೇಡಿದವನಿಗೆ ಜೈಲಿನ ಸಂದರ್ಶನಕ್ಕೆ ಹೋಗುವ ಹೊಣೆಯೂ ಬರುತ್ತದೆ, ವಕೀಲರನ್ನು ಹುಡುಕುವ ಹೊಣೆಯೂ ಬರುತ್ತದೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ದಿನ ಕೇಳುವ ಲೆಕ್ಕ ಇದೇ.

2000ದ ಜುಲೈ 30ರ ರಾತ್ರಿ ತಾಳವಾಡಿ ಬಳಿಯ ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಒಯ್ದಾಗ 108 ದಿನ ಇಡೀ ಕರ್ನಾಟಕ ದೇವಸ್ಥಾನದಲ್ಲಿ, ಮಸೀದಿಯಲ್ಲಿ, ಚರ್ಚಿನಲ್ಲಿ ಬೇಡಿಕೊಂಡಿತು. ಅವರು ಕ್ಷೇಮವಾಗಿ ಬಂದರು. 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಒಯ್ದಾಗಲೂ ಜನ ಬೇಡಿಕೊಂಡರು. ಡಿಸೆಂಬರ್ 8ರಂದು ಕಾಡಿನಲ್ಲಿ ಅವರ ಶವ ಸಿಕ್ಕಿತು. ಒಂದು ಪ್ರಾರ್ಥನೆ ಫಲಿಸಿತು, ಇನ್ನೊಂದು ಏಕೆ ಫಲಿಸಲಿಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ಉತ್ತರವಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ಫಲಿಸದ ಪ್ರಾರ್ಥನೆಯ ಹೊಣೆ ಇನ್ನೂ ದೊಡ್ಡದೆಂದು ಮಾತ್ರ ಹೇಳಬಲ್ಲೆ: ಆ ಮನೆಯವರನ್ನು ಮರೆಯದಿರುವ ಹೊಣೆ.

ಅದೇ ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಕನ್ಯಾಸ್ತ್ರೀಯರ ಆಸ್ಪತ್ರೆಯಿದೆ. 2018ರ ಡಿಸೆಂಬರ್ 14ರಂದು ಮಾರ್ಟಳ್ಳಿಗೆ ಹತ್ತಿರದ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ್ದರಿಂದ 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಮೊದಲು ರೋಗಿಗಳನ್ನು ಕರೆತಂದ ಆಸ್ಪತ್ರೆಗಳಲ್ಲಿ ಕಾಮಗೆರೆಯದೂ ಒಂದು. ಮಾರಮ್ಮನ ಪ್ರಸಾದ ತಿಂದವರಿಗೆ ಶಿಲುಬೆಯ ಹೆಸರಿನ ಆಸ್ಪತ್ರೆಯಲ್ಲಿ ಹಾಸಿಗೆ. ಊರಿಗಾಗಿ ಪ್ರಾರ್ಥಿಸುವವರ ಹೊಣೆ ಹೇಗಿರುತ್ತದೆ ಎಂದು ನನ್ನನ್ನು ಕೇಳಿದರೆ ನಾನು ಆ ಹಾಸಿಗೆಗಳನ್ನು ತೋರಿಸುತ್ತೇನೆ. ಆ ದಿನಕ್ಕೆಂದು ಯಾರೂ ಸಿದ್ಧತೆ ಮಾಡಿರಲಿಲ್ಲ. ವರ್ಷಗಟ್ಟಲೆ ಬಾಗಿಲು ತೆರೆದಿಟ್ಟಿದ್ದರಿಂದ ಆ ದಿನ ಬಾಗಿಲು ತೆರೆದಿತ್ತು.

ಬಾಗಿಲು ತೆರೆದಿದ್ದರೂ ಒಳಗೆ ಉಸಿರಿಲ್ಲದ ರಾತ್ರಿಯನ್ನೂ ಈ ಜಿಲ್ಲೆ ಕಂಡಿದೆ. 2021ರ ಮೇ 2ರ ರಾತ್ರಿಯಿಂದ 3ರ ಹೊತ್ತಿಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಕೋವಿಡ್ ರೋಗಿಗಳು ತೀರಿಕೊಂಡರು. ಆ ರಾತ್ರಿ ಎಷ್ಟು ಮನೆಗಳಲ್ಲಿ ಜನ ಮೊಣಕಾಲೂರಿದ್ದರೋ ದೇವರಿಗೇ ಗೊತ್ತು. ಆ ಪ್ರಾರ್ಥನೆಗಳು ಸುಳ್ಳಲ್ಲ. ಆದರೆ ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಬೇಕೆಂದು ಪೌಲನು ತಿಮೊಥೆಯನಿಗೆ ಬರೆದದ್ದು ಅವರನ್ನು ಹೊಗಳಲಿಕ್ಕಲ್ಲ, ಸುಮ್ಮನೆ ಬಿಡಲಿಕ್ಕೂ ಅಲ್ಲ. ಅವರಿಗಾಗಿ ಪ್ರಾರ್ಥಿಸುವವನು ಅವರನ್ನು ಪ್ರಶ್ನಿಸಲೂ ಬೇಕು: ಆಸ್ಪತ್ರೆಯಲ್ಲಿ ಎಷ್ಟು ಸಿಲಿಂಡರಿದೆ, ಆಂಬ್ಯುಲೆನ್ಸ್ ಓಡುತ್ತಿದೆಯೇ, ನರ್ಸುಗಳ ಹುದ್ದೆ ತುಂಬಿದೆಯೇ ಎಂದು. ಅರ್ತಷಸ್ತ ರಾಜನಿಗೆ ಪಾನ ಕೊಡುತ್ತಿದ್ದವನು ಅದೇ ರಾಜನ ಮುಂದೆ ಬಾಯಿಬಿಟ್ಟು ಕೇಳಿದ. ಅವನಿಗೆ ಆಗ ಬಹಳ ಭಯವಾಯಿತೆಂದೂ ಅವನೇ ಬರೆದಿದ್ದಾನೆ.

ಗೋಡೆ ಕಟ್ಟುವಾಗ ಶತ್ರುಗಳು ಮೇಲೆ ಬೀಳಲು ಸಂಚು ಮಾಡಿದರು. ನೆಹೆಮೀಯನ ಜನ ದೇವರಿಗೆ ಪ್ರಾರ್ಥಿಸಿದರು, ಹಗಲೂ ರಾತ್ರಿ ಕಾವಲಿಟ್ಟರು. ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದಿದ್ದಾನೆ. ಬಂಡೀಪುರದ ಅಂಚಿನ ಹೊಲಗಳ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ, ಬಾಳೆ ಗೊನೆ ಬಿಡುವ ಹೊತ್ತಿಗೆ ಆನೆ, ಹಂದಿ ಬರುತ್ತವೆ. ಅಟ್ಟಣೆಯ ಮೇಲೆ ಕೂತವನು ತನ್ನ ಹೊಲವನ್ನು ಮಾತ್ರ ನೋಡುವುದಿಲ್ಲ. ಆನೆ ಪಕ್ಕದವನ ಹೊಲಕ್ಕೆ ಇಳಿದರೂ ಕೂಗುತ್ತಾನೆ, ತಮಟೆ ಬಡಿಯುತ್ತಾನೆ, ಪಟಾಕಿ ಹಚ್ಚುತ್ತಾನೆ. ನಿದ್ದೆ ಬಂದರೆ ಇನ್ನೊಬ್ಬನನ್ನು ಎಬ್ಬಿಸಿಯೇ ಮಲಗುತ್ತಾನೆ. ಪ್ರಾರ್ಥನೆಯೂ ಸರದಿಯ ಕಾವಲು. 1727ರ ಆಗಸ್ಟ್‌ನಲ್ಲಿ ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ, ಧರ್ಮದ ಕಿರುಕುಳದಿಂದ ಓಡಿಬಂದಿದ್ದ ನಿರಾಶ್ರಿತರಲ್ಲಿ 24 ಗಂಡಸರು, 24 ಹೆಂಗಸರು ದಿನದ ಒಂದೊಂದು ಗಂಟೆಯನ್ನು ಹಂಚಿಕೊಂಡು ಪ್ರಾರ್ಥನೆಯ ಕಾವಲು ಆರಂಭಿಸಿದರು. ಅದು ನೂರು ವರ್ಷ ನಡೆಯಿತೆಂದು ಹೇಳುತ್ತಾರೆ. ಅದಕ್ಕೂ ಮುಂಚೆ ಅವರು ತಮ್ಮೊಳಗಿನ ಜಗಳಗಳನ್ನು ಒಪ್ಪಿಕೊಂಡು ಒಬ್ಬರನ್ನೊಬ್ಬರು ಕ್ಷಮಿಸಿದ್ದರು. ಅದಿಲ್ಲದೆ ಕಾವಲು ನಿಲ್ಲುತ್ತಿರಲಿಲ್ಲ.

ಚಾಮರಾಜನಗರ, ಗುಂಡ್ಲುಪೇಟೆಯ ಸಭೆಗಳಿಗೆ, ಧರ್ಮಕೇಂದ್ರಗಳಿಗೆ ನನ್ನದೊಂದು ಬೇಡಿಕೆ. ಬರುವ ಭಾನುವಾರದ ಆರಾಧನೆಯಲ್ಲಿ, ಪೂಜೆಯಲ್ಲಿ ನಮ್ಮ ವಿಜ್ಞಾಪನೆಗಳನ್ನು ‘ಎಲ್ಲರಿಗಾಗಿ’ ಎಂದು ಮುಗಿಸಬೇಡಿ. ನಿಮ್ಮ ಬೀದಿಯ ಒಂದು ಮನೆಯನ್ನು ಆರಿಸಿಕೊಳ್ಳಿ, ಅದು ಯಾವ ಧರ್ಮದ ಮನೆಯಾದರೂ ಸರಿ: ಸಾಲದಲ್ಲಿ ಮುಳುಗಿದವರದೋ, ಗಡಿಯಾಚೆ ದುಡಿಯಲು ಹೋದವರದೋ, ಜೈಲಿನಲ್ಲಿ ಮಗನಿರುವವರದೋ, ಕುಡಿತದಲ್ಲಿ ಅಪ್ಪನನ್ನು ಕಳೆದುಕೊಂಡವರದೋ. ಅವರ ಕಷ್ಟವನ್ನು ಸಭೆಯಲ್ಲಿ ಬಯಲು ಮಾಡಬೇಡಿ. ನಿಮ್ಮ ಮನೆಯಲ್ಲಿ, ನಿಮ್ಮ ಮಕ್ಕಳ ಜೊತೆ, ಒಂದು ತಿಂಗಳು ದಿನವೂ ಆ ಮನೆಯ ಹೆಸರು ಹಿಡಿದು ಪ್ರಾರ್ಥಿಸಿ. ತಿಂಗಳೊಳಗೆ ಒಮ್ಮೆಯಾದರೂ ಆ ಮನೆಯ ಬಾಗಿಲು ತಟ್ಟಿ ಏನು ಬೇಕೆಂದು ಕೇಳಿ. ನಿಮ್ಮಿಂದಾದದ್ದನ್ನು ಮಾಡಿ, ಆಗದ್ದನ್ನು ಮಾಡಬಲ್ಲವರ ಹತ್ತಿರ ಅವರನ್ನು ಕರೆದುಕೊಂಡು ಹೋಗಿ. ನಂತರದ ತಿಂಗಳು ಆ ಮನೆಯ ಕಾವಲನ್ನು ಇನ್ನೊಬ್ಬರಿಗೆ ಒಪ್ಪಿಸಿ, ಪಕ್ಕದ ಮನೆಯನ್ನು ತೆಗೆದುಕೊಳ್ಳಿ.